ಹುತ್ರಿದುರ್ಗದ ಹಿಟ್ಟು

ಅಪ್ಪನ ಹೆಸರಿನ ಕೆಳಗೆ ಏನು ಬರೆಸಬೇಕೆಂದು ತಿಳಿಯದೆ ತಮ್ಮ ಚನ್ನೇಶ ಫ್ಲೆಕ್ಸ್ ಅಂಗಡಿಯಿಂದ ಸುಮನಾಳಿಗೆ ಫೋನಿನ ಮೇಲೆ ಫೋನು ಮಾಡಿದ್ದ. 'ಲಿಂಗೈಕ್ಯ ಶ್ರೀ ಅಡವಿಯಪ್ಪನವರು' ಎಂಬಲ್ಲಿಯವರೆಗೆ ತಕರಾರಿರಲಿಲ್ಲ. ಅದರ ಕೆಳಗೆ, ಸತ್ತವರು ಮೇಷ್ಟರಾಗಿದ್ದರೆ ನಿವೃತ್ತ ಮುಖ್ಯೋಪಾಧ್ಯಾಯರು ಎಂದೋ, ಕಂಟ್ರಾಕ್ಟರಾಗಿದ್ದರೆ ಕ್ಲಾಸ್ ಒನ್ ಗುತ್ತಿಗೆದಾರರು ಎಂದೋ ಹಾಕಿಸುವ ಜಾಗದಲ್ಲಿ ಅಪ್ಪನಿಗೆ ಏನು ಹಾಕಿಸುವುದು? ಗುಪ್ತಚರ ಇಲಾಖೆ ಅಂತಲೇ ಹಾಕಿಸಿಬಿಡೋಣ, ಇನ್ಯಾರಿಗೆ ಹೆದರಬೇಕು ಎಂದು ಚನ್ನೇಶನ ವಾದ. ಅಮ್ಮ ಗಂಗಾಂಬಿಕೆ ಮಾತ್ರ, "ಬೇಡ ಕಣೋ. ಇರೋವಾಗ ಅವರು ಹೇಳ್ಕೊಳ್ಳಲಿಲ್ಲ. ಸತ್ತೋರ ಬಾಯಿ ಬಿಡಿಸ್ಬೇಡ," ಎಂದು ಕಣ್ಣೊರೆಸಿಕೊಂಡಿದ್ದಳು. ಕೊನೆಗೆ 'ನಿವೃತ್ತ ಅಧಿಕಾರಿಗಳು' ಎಂದಷ್ಟೇ ಅಚ್ಚಾಯಿತು. ಹನ್ನೊಂದನೆಯ ದಿನದ ಶಿವಗಣಾರಾಧನೆಗೆ ಬಂದವರೆಲ್ಲ ಸಮುದಾಯ ಭವನದ ಬಾಗಿಲಲ್ಲಿ ನಿಂತು ಅದನ್ನೊಮ್ಮೆ ಓದಿ ಒಳಗೆ ಬರುತ್ತಿದ್ದರು. ಅವರಲ್ಲಿ ಅರ್ಧಕ್ಕರ್ಧ ಜನ ಅಪ್ಪನನ್ನು ಇವತ್ತಿಗೂ ಫುಡ್ ಡಿಪಾರ್ಟ್‌ಮೆಂಟಿನವನೆಂದೇ ನಂಬಿದವರು. ಹಾಗೆಂದು ಅಪ್ಪನೇ ನಂಬಿಸಿದ್ದ. ಸದಾಶಿವನಗರದ ಮನೆಗೆ ರೇಷನ್ ಕಾರ್ಡು ಮಾಡಿಸಿಕೊಡಿ ಎಂದು ಬಂದ ನೆಂಟರಿಗೆ ಇಲ್ಲವೆನ್ನದೆ, ರಜೆ ಹಾಕಿ, ತಾಲೂಕು ಕಚೇರಿಯ ಬಿಸಿಲಿನ ಸಾಲಿನಲ್ಲಿ ತಾನೇ ನಿಂತು ಕಾರ್ಡು ಮಾಡಿಸಿ ತಂದುಕೊಡುತ್ತಿದ್ದ. ಒಂದು ಸುಳ್ಳು ಉಳಿಸಿಕೊಳ್ಳಲು ಎಷ್ಟು ನಿಜವಾದ ಬೆವರು ಸುರಿಸಿದ ಮನುಷ್ಯ ಎಂದುಕೊಂಡಳು ಸುಮನಾ.

"ಸುಮಕ್ಕ, ಸ್ವಾಮಿಗಳ ಕಾರು ಗುಬ್ಬಿ ಗೇಟ್ ಹತ್ರ ಬಂತಂತೆ," ಎಂದು ಚನ್ನೇಶ ಓಡುತ್ತಲೇ ಹೇಳಿದ. "ನುಡಿನಮನದಲ್ಲಿ ಮನೆಯೋರ ಪರವಾಗಿ ನೀನೇ ಮಾತಾಡ್ಬೇಕು. ನಂಗೆ ಮೈಕ್ ಹಿಡಿದ್ರೆ ಅಳು ಬಂದ್ಬುಡ್ತದೆ." ಅವಳು ತಲೆಯಾಡಿಸಿದಳು. ಅವಳಿಗೆ ಅಳು ಬರುವುದಿಲ್ಲವೆಂಬುದು ಇಷ್ಟು ದಿನದಲ್ಲಿ ಎಲ್ಲರಿಗೂ ಖಾತ್ರಿಯಾಗಿತ್ತು. ನಿಟ್ಟೂರಿನ ಹೊಲದಲ್ಲಿ ಅಪ್ಪನನ್ನು ಗುಣಿಯೊಳಗೆ ಕೂರಿಸಿ, ಎದೆಯ ಮೇಲಿನ ಇಷ್ಟಲಿಂಗವನ್ನು ಬಿಚ್ಚಿ ಎಡಗೈಯಲ್ಲಿಟ್ಟು, ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣೆಳೆದಾಗಲೂ ಅವಳ ಕಣ್ಣು ಒದ್ದೆಯಾಗಿರಲಿಲ್ಲ. ಹೆಂಗಸರ ಗುಂಪಿನಿಂದ "ಮೇಷ್ಟ್ರಮ್ಮಂಗೆ ಎದೆ ಕಲ್ಲು ಕಣೇ" ಎಂಬ ಮಾತು, ಕೇಳಿಸಲಿ ಎಂಬಂತೆಯೇ ಕೇಳಿಸಿತ್ತು. ಆಗ ಅವಳು ಆ ಲಿಂಗವನ್ನೇ ನೋಡುತ್ತಿದ್ದಳು. ಏನು ಮಾತಾಡಬೇಕೆಂಬುದು ಅವಳಿಗೆ ಇವತ್ತು ನಿನ್ನೆಯಲ್ಲ, ವರ್ಷಗಳಿಂದ ಬಾಯಿಪಾಠವಾಗಿತ್ತು. ನಮ್ಮಪ್ಪ ಕೊಟ್ಟ ಮಾತಿಗೆ ತಪ್ಪಿದವರಲ್ಲ. ಲಿಂಗ ಮುಟ್ಟಿ ಕೊಟ್ಟ ಮಾತಿಗೆ ಮಗಳ ಬಾಳೇ ಹೋಗುವಾಗಲೂ ತಪ್ಪಲಿಲ್ಲ. ಆ ಕೊನೆಯ ಮಾತನ್ನು ಸಭೆಯಲ್ಲಿ ಆಡಲಾಗದು, ಆದರೆ ಮೊದಲನೆಯದನ್ನು ಆಡುವಾಗ ಅಮ್ಮನಿಗೂ ಚನ್ನೇಶನಿಗೂ ಅದು ಅರ್ಥವಾಗುತ್ತದೆ, ಅಷ್ಟು ಸಾಕು.

ವೇದಿಕೆಯ ಪಕ್ಕದಲ್ಲಿ ಚಿಕ್ಕಪ್ಪನ ಮಗಳು ಪೂಜಾ ಜರತಾರಿ ಸೀರೆಯಲ್ಲಿ, ಗಂಡನನ್ನೂ ಮಕ್ಕಳನ್ನೂ ಹಿಂದಿಟ್ಟುಕೊಂಡು ನಿಂತಿದ್ದಳು. ಪೂಜಾಳ ಗಂಡನನ್ನು ಅಪ್ಪನೇ ನೋಡಿದ್ದು. ಪೂಜಾಳಿಗೇನು, ನೆಂಟರಿಷ್ಟರಲ್ಲಿ ಯಾರ ಮನೆಯ ಹೆಣ್ಣಿಗೆ ಗಂಡು ಗೊತ್ತಾದರೂ ಲಗ್ನಪತ್ರಿಕೆಗೆ ಮೊದಲು ವಿಷಯ ಅಪ್ಪನ ಕಿವಿಗೆ ಬೀಳಲೇಬೇಕು. "ಅಡವಿಯಪ್ಪಣ್ಣ ಒಂದ್ಸಲ ವಿಚಾರಿಸ್ಬುಟ್ರೆ ಸಾಕಪ್ಪ, ಆಮ್ಯಾಕೆ ಕಣ್ಮುಚ್ಚಿ ಧಾರೆ ಎರೀಬೋದು," ಎನ್ನುತ್ತಿದ್ದರು. ಫುಡ್ ಡಿಪಾರ್ಟ್‌ಮೆಂಟಿನವನಿಗೆ ಈ ವಿದ್ಯೆ ಎಲ್ಲಿಂದ ಬಂತು ಎಂದು ಒಬ್ಬರೂ ಕೇಳಲಿಲ್ಲ, ತಮ್ಮ ಕೆಲಸ ಆಗುವಾಗ ಯಾರು ಕೇಳುತ್ತಾರೆ. ಅಪ್ಪ ಭಾನುವಾರ ಹಣೆಯ ವಿಭೂತಿ ಒರೆಸಿಕೊಂಡು, ಲಿಂಗವನ್ನು ಶರ್ಟಿನ ಹೊರಗೆ ಉಬ್ಬಿ ಕಾಣದಂತೆ ಬನಿಯನ್ನಿನೊಳಗೆ ಬಿಗಿದು ಕಟ್ಟಿಕೊಂಡು, ಚೀಲದಲ್ಲಿ ನಾಲ್ಕೈದು ಸೇರು ರಾಗಿ ಹಾಕಿಕೊಂಡು ಬಸ್ಸು ಹತ್ತುತ್ತಿದ್ದ. ಗಂಡಿನ ಊರಿನ ಹಿಟ್ಟಿನ ಮಿಲ್ಲಿಗೆ ಹೋಗಿ ಚೀಲವನ್ನು ಸಾಲಿನಲ್ಲಿಟ್ಟು ಕೂರುತ್ತಿದ್ದ. ಅಷ್ಟೇ. ಹೋಟೆಲಿನಲ್ಲಿ ಗಂಡಸರು ಬೊಗಳೆ ಬಿಡುತ್ತಾರೆ ಕಣಮ್ಮ, ದೇವಸ್ಥಾನದಲ್ಲಿ ಎಲ್ಲರೂ ಒಳ್ಳೆಯವರೇ, ಊರಿನ ನಿಜ ಬೇಕಾದರೆ ಮಿಲ್ಲಿನ ಮುಂದೆ ಸರದಿಗೆ ಕೂತ ಹೆಂಗಸರ ಹತ್ತಿರ ಹೋಗಬೇಕು ಎನ್ನುತ್ತಿದ್ದ. ಸಂಜೆ ಹಿಟ್ಟಿನ ಚೀಲ ಹೊತ್ತು ಬರುತ್ತಿದ್ದ. ರಾತ್ರಿ ಅದರದೇ ಮುದ್ದೆ. "ಹಿಟ್ಟು ನೈಸಾಗದೆ" ಎಂದರೆ ಮದುವೆ ಕುದುರಿತು. "ಮರಳು ಸಿಗ್ತದೆ" ಎಂದರೆ ಗಂಡು ಬೇಡ. ಯಾಕೆ, ಏನು ಎಂದು ಯಾರು ಎಷ್ಟು ಕೆದಕಿದರೂ ಅದರಾಚೆಗೆ ಒಂದಕ್ಷರ ಬಾಯಿ ಬಿಡುತ್ತಿರಲಿಲ್ಲ. ಪೂಜಾಳಿಗೆ ಮೊದಲು ಗೊತ್ತಾಗಿದ್ದ ಗಂಡಿನ ಊರಿನ ಹಿಟ್ಟಿನಲ್ಲಿ ಮರಳು ಸಿಕ್ಕಿತು, ಹುಡುಗಿ ತಿಂಗಳುಗಟ್ಟಲೆ ಅಪ್ಪನನ್ನು ಶಪಿಸಿ ಅತ್ತಳು. ಈಗ ಅದೇ ಪೂಜಾ ದೊಡ್ಡಪ್ಪನ ಫೋಟೋಗೆ ಹೂವು ಸರಿಮಾಡುತ್ತಿದ್ದಾಳೆ.

ಆ ಅಳುವನ್ನು ನೋಡಿದ್ದಕ್ಕೇ ಸುಮನಾ ಅಪ್ಪನಿಂದ ಆ ಮಾತು ತೆಗೆದುಕೊಂಡದ್ದು. ಕುಣಿಗಲ್‌ನಲ್ಲಿ ತರಬೇತಿ ಶಿಬಿರದಲ್ಲಿ ಬಸವರಾಜನ ಪರಿಚಯವಾಗಿ, ಅವನ ಊರು ಹುತ್ರಿದುರ್ಗ, ಲೆಕ್ಚರರ್, ನಮ್ಮವರೇ, ನನಗೆ ಒಪ್ಪಿಗೆ ಎಂದು ಒಂದು ಸಂಜೆ ಅಪ್ಪನಿಗೆ ಹೇಳಿದಳು. ಅಪ್ಪ ಪೇಪರು ಮಡಿಸಿಟ್ಟ. ಅವನು ಬಾಯಿ ತೆರೆಯುವ ಮೊದಲೇ ಅವಳು, "ಅಪ್ಪ, ನನ್ನ ವಿಷ್ಯದಲ್ಲಿ ನಿನ್ನ ಪತ್ತೇದಾರಿಕೆ ಬೇಡ. ಮಿಲ್ಲಿಗೆ ಹೋದೆ ಅಂತ ನಂಗೆ ಗೊತ್ತಾದ್ರೆ ನಿನ್ನ ಮುಖ ನೋಡಲ್ಲ, ನಾನು ಸತ್ತೆ ಅಂದ್ಕೊ. ಲಿಂಗ ಮುಟ್ಟಿ ಹೇಳು," ಎಂದಿದ್ದಳು. ಅಮ್ಮ ಒಳಗಿನಿಂದ "ಏ, ಬುಡ್ತು ಅನ್ನೇ" ಎಂದು ಕೂಗಿಕೊಂಡಳು. ಅಪ್ಪ ಮಗಳ ಮುಖವನ್ನೇ ನೋಡುತ್ತಾ, ಶರ್ಟಿನ ಮೇಲಿನಿಂದಲೇ ಲಿಂಗದ ಮೇಲೆ ಅಂಗೈ ಇಟ್ಟು, "ಆಯ್ತು ಕಣಮ್ಮ, ಹೋಗಲ್ಲ," ಎಂದ. ಅವಳಿಗೆ ಗೆದ್ದ ಸಂಭ್ರಮ. ಇಡೀ ದೇಶವನ್ನು ಕಾಯುವವನಿಗೆ ತಾನು ಮೂಗುದಾರ ಹಾಕಿದೆನೆಂಬ ಹೆಮ್ಮೆ, ಥೂ. ಮದುವೆಯ ಹಿಂದಿನ ಸಂಜೆ ಚಪ್ಪರದ ಕಂಬಕ್ಕೆ ಬಾಳೆಗಿಡ ಕಟ್ಟಿಸುತ್ತಿದ್ದ ಅಪ್ಪ ಅವಳನ್ನು ಪಕ್ಕಕ್ಕೆ ಕರೆದು, "ಮನಸ್ಸಿಗೆ ಎಲ್ಲಾದ್ರೂ ಒಂಚೂರು ಅನುಮಾನ ಇದ್ರೆ ಇನ್ನೂ ಹೊತ್ತದೆ ಸುಮ. ಜನ ಆಡ್ಕೊಳ್ಳೋದು ನಾನು ನೋಡ್ಕೊತೀನಿ," ಎಂದಿದ್ದ. ಎಲ್ಲ ಅಪ್ಪಂದಿರೂ ಹೇಳುವ ಮಾತು ಎಂದು ಅವಳು ನಕ್ಕು, ಮೆಹಂದಿಯ ಕೈ ತೋರಿಸಿ ಒಳಗೆ ಹೋಗಿಬಿಟ್ಟಿದ್ದಳು.

ಬಸವರಾಜನಿಗೆ ಕುಣಿಗಲ್‌ನಲ್ಲಿ ಅಷ್ಟರಲ್ಲಾಗಲೇ ಒಂದು ಸಂಸಾರವಿತ್ತು. ಹೆಂಗಸು, ಒಂದು ಕೂಸು. ಗೊತ್ತಾಗಲು ನಾಲ್ಕು ವರ್ಷ ಹಿಡಿಯಿತು, ಗೊತ್ತಾದ ಮೇಲೆ ಕೋರ್ಟು ಕಚೇರಿ ಮುಗಿಯಲು ಮತ್ತೊಂದಷ್ಟು. ಅವಳು ತವರಿಗೆ ಬಂದು ಉಳಿಯಲಿಲ್ಲ. ಗುಬ್ಬಿಯ ಹೈಸ್ಕೂಲಿನಲ್ಲಿ ಕೆಲಸ, ಅಲ್ಲೇ ಬಾಡಿಗೆ ಮನೆ. ದೀಪದ ಬುಡದಲ್ಲೇ ಕತ್ತಲೆ ಎಂದು ನೆಂಟರು ಆಡಿಕೊಂಡರು. ಊರಿಗೆಲ್ಲ ಗಂಡು ನೋಡಿದವನು ಸ್ವಂತ ಮಗಳಿಗೆ ನೋಡಲಿಲ್ಲವಲ್ಲ ಎಂದರು. ಅಪ್ಪ ತುಟಿ ಬಿಚ್ಚಲಿಲ್ಲ. ಪಾಪ, ನಾನು ಕೈ ಕಟ್ಟಿಹಾಕಿದ್ದಕ್ಕೆ ಅವನಿಗೆ ಈ ಮಾತು ಎಂದು ಅವಳು ಒಳಗೇ ಬೆಂದಳು. ತಪ್ಪು ನನ್ನದು, ಮಾತು ಉಳಿಸಿಕೊಂಡವನು ಅವನು. ಹಾಗೆಂದುಕೊಂಡರೆ ನೋವಿನ ನಡುವೆಯೂ ಒಂದು ಆಸರೆ ಸಿಗುತ್ತಿತ್ತು. ಗಂಡ ಸುಳ್ಳನಾದರೇನು, ಲೋಕದಲ್ಲಿ ಒಬ್ಬ ಗಂಡಸಾದರೂ ತನಗೆ ಕೊಟ್ಟ ಮಾತನ್ನು ಉಳಿಸಿಕೊಂಡಿದ್ದಾನೆ. ಮದುವೆಯ ಆಸುಪಾಸಿನಿಂದ ಅಪ್ಪ ಬಾಗಿಲು ಹಾಕಿಕೊಂಡೇ ಲಿಂಗಪೂಜೆಗೆ ಕೂರುತ್ತಾನೆ ಎಂದು ಅಮ್ಮ ಒಮ್ಮೆ ಹೇಳಿದ್ದಳು. ವಯಸ್ಸಾಯಿತಲ್ಲ, ಭಕ್ತಿ ಹೆಚ್ಚಿರಬೇಕು ಎಂದುಕೊಂಡಿದ್ದಳು ಸುಮನಾ.

ಅಮ್ಮ ಅವಳ ಮೊಣಕೈ ಹಿಡಿದು ಗಟ್ಟಿಯಾಗಿ ಒತ್ತಿದಳು. "ಅಲ್ಲಿ ನೋಡೇ. ಯಾವ ಮುಖ ಇಟ್ಕೊಂಡು ಬಂದವ್ಳೆ ಅವ್ಳು?" ಬಾಗಿಲಲ್ಲಿ, ಫ್ಲೆಕ್ಸಿನ ಕೆಳಗೆ, ಬಸವರಾಜನ ತಾಯಿ ಹೊಂಬಾಳಮ್ಮ ಒಂದು ಕೈಯಲ್ಲಿ ಬಾಳೆಹಣ್ಣಿನ ಕವರು, ಇನ್ನೊಂದರಲ್ಲಿ ಚಪ್ಪಲಿ ಹಿಡಿದುಕೊಂಡು, ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ಮುದುಕಿ ಕುಣಿಗಲ್ ಬಸ್ಸಿನಲ್ಲಿ ಒಬ್ಬಳೇ ಬಂದಿರಬೇಕು, ಸೀರೆಯೆಲ್ಲ ಮುದುರಿತ್ತು. ಕುರ್ಚಿಗಳ ಸಾಲುಗಳಲ್ಲಿ ತಲೆಗಳು ತಿರುಗಿದವು. ಎಲ್ಲರ ಕಣ್ಣು ಮೊದಲು ಮುದುಕಿಯ ಮೇಲೆ, ಆಮೇಲೆ ತನ್ನ ಮೇಲೆ ಬಿದ್ದದ್ದು ಸುಮನಾಳಿಗೆ ಬೆನ್ನಿನಿಂದಲೇ ತಿಳಿಯಿತು. ಹೋಗದೆ ವಿಧಿಯಿರಲಿಲ್ಲ. ಮನೆಯ ಹೆಣ್ಣುಮಗಳು, ಬಂದವರಿಗೆ ನೀರು ಕೊಡಬೇಕು, ಬಂದವರು ಯಾರೇ ಆಗಲಿ. "ಬನ್ನಿ ಅತ್ತೆ," ಎಂದ ಮೇಲೆ ಆ ಪದ ಬಾಯಿಗೆ ಹೇಗೆ ಬಂತೆಂದು ಅವಳಿಗೇ ನಾಚಿಕೆಯಾಯಿತು. ಹೊಂಬಾಳಮ್ಮ ಫೋಟೋಗೆ ಕೈಮುಗಿದು, ವಿಭೂತಿ ಹಚ್ಚಿಕೊಂಡು, ನೀರು ಕುಡಿಯದೆ ಲೋಟ ಹಿಡಿದುಕೊಂಡೇ, "ನಿನ್ತಾವ ಒಂದು ಮಾತದೆ ಕಣವ್ವ. ಇವತ್ತು ಹೇಳ್ನಿಲ್ಲ ಅಂದ್ರೆ ನನ್ನ ಗಂಟ್ಲಲ್ಲೇ ಉಳ್ಕತದೆ," ಎಂದಳು. ಊಟದ ಹಾಲಿನಲ್ಲಿ ಇನ್ನೂ ಎಲೆ ಹಾಕಿರಲಿಲ್ಲ. ಇಬ್ಬರೂ ಅಲ್ಲಿಗೆ ಹೋಗಿ ಖಾಲಿ ಬೆಂಚಿನ ಮೇಲೆ ಕೂತರು. ಹಿಂದಿನಿಂದ ಸಾರಿನ ಒಗ್ಗರಣೆಯ ವಾಸನೆ ಬರುತ್ತಿತ್ತು.

"ನಿಮ್ ಮದ್ವೆ ಮಾತು ಹೊರಟಿದ್ದ ಹೊಸದರಲ್ಲಿ," ಎಂದು ಮುದುಕಿ ಶುರುಮಾಡಿದಳು. "ನಮ್ಮೂರ ಮಿಲ್ ತಾವ ರಾಗಿ ಹಾಕ್ಸಕ್ಕೆ ಹೋಗಿದ್ದೆ. ಕರೆಂಟ್ ಹೋಗಿತ್ತು. ಎಲ್ಲಾ ಚೀಲ ಬಿಟ್ಟು ಮನೆಗೋದ್ರು, ನಾನೊಬ್ಳೇ ಕಲ್ಲಿನ ಮೇಲೆ ಕೂತಿದ್ದೆ. ಯಾರೋ ಪರಊರಿನೋರು, ಯಜಮಾನ್ರು, ಅವರೂ ರಾಗಿ ಚೀಲ ಇಟ್ಕೊಂಡು ಕೂತಿದ್ರು. ಮಾತಿಗೆ ಮಾತು ಬಂತು. ತಮ್ಮ ಮಗ ಮದ್ವೆ ಆಗದಲೇ ಒಬ್ಬಳ್ನ ಮಡಿಕ್ಕಂಡವ್ನೆ, ಒಂದು ಮಗಾನೂ ಅದೆ, ಈಗ ಇನ್ನೊಂದು ಹೆಣ್ಣು ನೋಡ್ತಾವ್ನೆ, ಆ ಹೆಣ್ಣಿನ ಶಾಪ ನಮ್ಮ ವಂಶಕ್ಕೆ ತಟ್ಟಲ್ವಾ ತಾಯಿ ಅಂತ ಕಣ್ಣೀರಾಕಿದ್ರು. ನಂಗೆ ಕಳ್ಳು ಕಿತ್ತು ಬಂದಂಗಾಯ್ತು. ನಮ್ಮನೇದೂ ಅದೇ ಅಲ್ವಾ. ಊರೋರ ತಾವ ಹೇಳಂಗಿಲ್ಲ, ಹೊಟ್ಟೇಲಿ ಇಟ್ಕೊಳ್ಳಂಗಿಲ್ಲ. ಪರಊರಿನೋರು ತಾನೇ ಅಂತ ಎಲ್ಲಾ ಹೇಳ್ಬುಟ್ಟೆ. ಅವಳ ಹೆಸರು, ಮಗೀನ ಹೆಸರು, ಕುಣಿಗಲ್‌ನಲ್ಲಿ ಮನೆ ಎಲ್ಲದೆ, ಎಲ್ಲಾ. ಅಷ್ಟೊತ್ಗೆ ಕರೆಂಟ್ ಬಂತು. ಅವರು ಎದ್ದೋರು, ರಾಗಿ ಚೀಲ ಅಲ್ಲೇ ಬುಟ್ಟು ಬಸ್ ಸ್ಟ್ಯಾಂಡ್ ಕಡೆ ಹೊಂಟೋದ್ರು. ನಾನೇ ಹಿಟ್ಟು ಮಾಡ್ಸಿ ಮನೇಲಿ ಇಟ್ಟಿದ್ದೆ, ಬಂದ್ರೆ ಕೊಡಾನ ಅಂತ. ಬರ್ನಿಲ್ಲ. ಆಮೇಲೆ ಒಪ್ಪಂದದ ದಿನ ನಿಮ್ಮನೆ ಬಾಗ್ಲಲ್ಲಿ ನಮಗೆ ಕೈಮುಗುದು ಬನ್ನಿ ಬೀಗ್ರೆ ಅಂದ್ರಲ್ಲ, ಅವರೇ ಕಣವ್ವ."

ಮುದುಕಿ ಸುಳ್ಳು ಹೇಳುತ್ತಿದ್ದಾಳೆ ಎಂದುಕೊಳ್ಳಲು ಸುಮನಾ ನೋಡಿದಳು. ಆದರೆ ಮಿಲ್ಲಿನ ವಿಷಯ ಮನೆಯವರನ್ನು ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅದಕ್ಕಿಂತ ಹೆಚ್ಚಾಗಿ, ಬಾಯಿ ಬಿಡಿಸಿದ ಆ ರೀತಿ. ಅದು ಅಪ್ಪನದೇ. ಎದುರಿನವರ ತಪ್ಪಿನ ಸುಳಿವು ಮೊದಲೇ ಹಿಡಿದು, ಅದು ಅವರ ಬಾಯಿಂದಲೇ ಹೊರಗೆ ಬರಲೆಂದು ಅಂಥದ್ದೇ ತನ್ನದೊಂದು ತಪ್ಪು ಮುಂದಿಡುತ್ತಿದ್ದ. ಚಿಕ್ಕವಳಿದ್ದಾಗ ರೇಡಿಯೋ ಬೀಳಿಸಿ ಒಡೆದು ಅವಳು ಸುಮ್ಮನೆ ಕೂತಿದ್ದರೆ, ಅಪ್ಪ ಪಕ್ಕದಲ್ಲಿ ಕೂತು, ನಾನು ನಿನ್ನಷ್ಟಿದ್ದಾಗ ನಮ್ಮಪ್ಪನ ಗಡಿಯಾರ ಒಡೆದು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟಿದ್ದೆ ಕಣಮ್ಮ ಎಂದಿದ್ದ. ಅವಳು ಗೊಳೋ ಎಂದು ಅತ್ತು ಎಲ್ಲ ಒಪ್ಪಿಕೊಂಡಿದ್ದಳು. ಆ ಮನೆಯಲ್ಲಿ ಗಡಿಯಾರವೇ ಇರಲಿಲ್ಲವೆಂದು ಮುಂದೆಂದೋ ಅಜ್ಜಿ ಹೇಳಿದಾಗ ಇಬ್ಬರೂ ಬಿದ್ದು ಬಿದ್ದು ನಕ್ಕಿದ್ದರು. ಹಾಗಾದರೆ ಮಗಳ ಎದುರು ಲಿಂಗ ಮುಟ್ಟಿದ ಕೈಯಲ್ಲೇ ರಾಗಿ ಚೀಲ ಹಿಡಿದು ಹುತ್ರಿದುರ್ಗಕ್ಕೆ ಹೋಗಿದ್ದ. ಎಲ್ಲ ತಿಳಿದಿದ್ದ. ಹೆಂಗಸಿನ ಹೆಸರೂ ಕೂಸಿನ ಹೆಸರೂ ತಿಳಿದುಕೊಂಡೇ ಅವಳ ಕೈಯನ್ನು ಬಸವರಾಜನ ಕೈಯಲ್ಲಿಟ್ಟು ಧಾರೆ ಎರೆದಿದ್ದ. ಯಾಕೆ? ಯಾಕೆ ಎನ್ನುವುದಕ್ಕೆ ಉತ್ತರವನ್ನು ಹೊರಗೆ ಹುಡುಕಬೇಕಾಗಿರಲಿಲ್ಲ. ನಿನ್ನ ಮುಖ ನೋಡಲ್ಲ, ನಾನು ಸತ್ತೆ ಅಂದ್ಕೊ. ಹೇಳಿದರೆ ಮಗಳು ಹೋಗುತ್ತಾಳೆ. ಹೇಳದಿದ್ದರೆ ಮಗಳ ಬಾಳು ಹೋಗುತ್ತದೆ, ಆದರೆ ಮಗಳು ಉಳಿಯುತ್ತಾಳೆ. ಎಂಥ ಲೆಕ್ಕಾಚಾರ ಅಪ್ಪ ನಿನ್ನದು! ಅವಳಿಗೆ ಕಿಡಿಕಿಡಿ ಸಿಟ್ಟು ಬಂತು. ನಾನು ಮುಖ ನೋಡದಿದ್ದರೆ ಎಷ್ಟು ದಿನ ನೋಡುತ್ತಿರಲಿಲ್ಲ? ಒಂದು ಕೆನ್ನೆಗೆ ಹೊಡೆದು ಹೇಳಬಾರದಿತ್ತೇ? ಇನ್ನೂ ಹೊತ್ತದೆ ಸುಮ ಎಂದು ಬಾಳೆಗಿಡದ ಪಕ್ಕ ನಿಂತು ಗೊಣಗಿದರೆ ಯಾರಿಗೆ ತಿಳಿಯುತ್ತದೆ?

"ನೀವಾದ್ರೂ ಯಾಕೆ ಹೇಳಲಿಲ್ಲ?" ಎಂದಳು, ಧ್ವನಿ ಒರಟಾಗಿ. ಹೊಂಬಾಳಮ್ಮ ತಲೆ ತಗ್ಗಿಸಿದಳು. "ಹೆಣ್ಣು ಹೆತ್ತೋರು, ಎಲ್ಲಾ ತಿಳ್ಕಂಡೇ ಕೊಡ್ತಾವ್ರೆ, ಮದ್ವೆ ಆದ್ರೆ ಹುಡ್ಗ ಸರಿಹೋಗ್ತಾನೆ ಅಂತ ಅವರೇ ತೀರ್ಮಾನ ಮಾಡವ್ರೆ ಅಂದ್ಕಂಡೆ. ನನ್ನ ನೋಡಿ ಗುರ್ತೇ ಇಲ್ದಂಗೆ ನಕ್ರಲ್ಲವ್ವ. ನಾನೂ ಗುರ್ತಿಲ್ದೋಳಂಗೆ ನಕ್ಕೆ. ತಪ್ಪಾಯ್ತು. ಅವರು ಹೋದ್ರು, ನಾನೂ ಇವತ್ತೋ ನಾಳೆಯೋ. ಇಬ್ರೂ ಹೋದ್ಮೇಲೆ ನಿಂಗೆ ಯಾರು ಹೇಳೋರು?" ಅಷ್ಟರಲ್ಲಿ ಚನ್ನೇಶ ಬಾಗಿಲಲ್ಲಿ ತಲೆ ಹಾಕಿ, ಮುದುಕಿಯನ್ನು ಕಂಡು ಮುಖ ಗಂಟಿಕ್ಕಿ, "ಸ್ವಾಮಿಗಳು ಬಂದ್ರು, ಬಾರಕ್ಕ," ಎಂದ.

ಸಭೆ ಶುರುವಾಗಿತ್ತು. ಅಪ್ಪನ ಜೊತೆಗೆ ಕೆಲಸ ಮಾಡಿದ್ದ ನಾಗೇಶ್ ಮೈಕಿನ ಮುಂದೆ ನಿಂತು ಬೆವರುತ್ತಿದ್ದರು. "ಅಡವಿಯಪ್ಪ ಸಾರ್ ಯಾವ ಕೆಲಸ ಮಾಡಿದ್ರು ಅಂತ ನಾನು ಹೇಳೋ ಹಾಗಿಲ್ಲ. ಎಲ್ಲಿ ಮಾಡಿದ್ರು ಅಂತಾನೂ ಹೇಳೋ ಹಾಗಿಲ್ಲ. ಆದ್ರೆ ಬಹಳ ಕೆಲಸ ಮಾಡಿದ್ರು," ಎಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ಒಂದು ಮಾತ್ರ ಹೇಳ್ತೀನಿ. ಗುಂಡು ಹಾರೋ ಜಾಗದಲ್ಲೂ ಆ ಮನುಷ್ಯ ಯಾರಿಗೂ ಹೆದರಿದ್ದು ನಾನು ನೋಡಿಲ್ಲ." ಆಮೇಲೆ ಪೂಜಾ ಬಂದಳು. ದೊಡ್ಡಪ್ಪ ಇಲ್ಲದಿದ್ದರೆ ನನ್ನ ಬಾಳು ಹಾಳಾಗಿಹೋಗುತ್ತಿತ್ತು ಎಂದು ಅತ್ತಳು, ಅತ್ತು ತಿರುಗುವಾಗ ಸುಮನಾಳ ಮುಖ ಕಂಡು ನಾಲಿಗೆ ಕಚ್ಚಿಕೊಂಡಳು. ದೊಡ್ಡ ಮನುಷ್ಯರೊಬ್ಬರು ದೈವಭಕ್ತರು ಎಂದರು, ಇನ್ನೊಬ್ಬರು ಅಜಾತಶತ್ರು ಎಂದರು. ಸತ್ತ ಎಮ್ಮೆಗೆ ಹತ್ತು ಸೇರು ಹಾಲು. ಚನ್ನೇಶ ಅವಳ ಹೆಸರು ಕೂಗಿದ. ವೇದಿಕೆಯ ಮೆಟ್ಟಿಲು ಹತ್ತುವಾಗ ಬಾಯಿಪಾಠವಾಗಿದ್ದ ಮಾತು ಬಾಯಿಯಲ್ಲೇ ಇತ್ತು. ಕೊಟ್ಟ ಮಾತಿಗೆ ತಪ್ಪಿದವರಲ್ಲ. ಅದನ್ನೇ ಆಡಿಬಿಡಬಹುದಿತ್ತು. ಅಪ್ಪನೇ ಕಲಿಸಿದ ವಿದ್ಯೆ ತಾನೇ, ಮುಖ ಬದಲಾಗದೆ ಸುಳ್ಳು ಹೇಳುವುದು. ಎದುರಿಗೆ ಅಮ್ಮ ಸೆರಗು ಬಾಯಿಗೊತ್ತಿಕೊಂಡು ಕೂತಿದ್ದಳು. ಕೊನೆಯ ಸಾಲಿನಲ್ಲಿ, ಅಕ್ಕಪಕ್ಕದ ಕುರ್ಚಿಗಳನ್ನು ಜನ ಖಾಲಿ ಬಿಟ್ಟ ಜಾಗದಲ್ಲಿ, ಹೊಂಬಾಳಮ್ಮ ಒಬ್ಬಳೇ ಇದ್ದಳು. ಮೈಕು ಕೀರಲಿತು. ನನ್ನಪ್ಪ ನನಗೆ ಮೋಸ ಮಾಡಿದ ಎಂದು ಕಿರುಚಬೇಕೆನಿಸಿತು. ಅಂಗೈಯಲ್ಲಿ ಲಿಂಗ ಹಿಡಿದು, ಬಾಗಿಲು ಹಾಕಿಕೊಂಡು ಕೂತ ಮುದುಕ ಆ ಲಿಂಗದ ಮುಖವನ್ನು ದಿನಾ ಹೇಗೆ ನೋಡಿದನೋ ಎನಿಸಿ, ಮೈಕನ್ನು ಹತ್ತಿರಕ್ಕೆಳೆದುಕೊಂಡಳು.

"ನಮ್ಮಪ್ಪ ಯಾರಿಗೂ ಹೆದರ್ತಿರಲಿಲ್ಲ ಅಂತ ಈಗ ಹೇಳಿದ್ರು," ಎಂದಳು. "ಹೆದರ್ತಿದ್ರು. ನನಗೆ ಹೆದರ್ತಿದ್ರು."

ಸಭೆ ನಕ್ಕಿತು. ಹನ್ನೊಂದು ದಿನದ ಬಿಗುವು ಸಡಿಲಾದ, ಅಕ್ಕರೆಯ ನಗು. "ಹೆಣ್ಮಕ್ಕಳಿಗೆ ಹೆದರದ ಅಪ್ಪ ಯಾರವ್ನೆ ಬುಡಿ," ಎಂದು ಯಾರೋ ಗಟ್ಟಿಯಾಗಿಯೇ ಅಂದರು. ಸ್ವಾಮಿಗಳೂ ಮುಗುಳ್ನಕ್ಕು ತಲೆದೂಗಿದರು. ಅವಳು ಮುಂದೆ ಏನನ್ನೋ ಹೇಳಲು ಹೋದಳು. ನಾನು ಹೆದರಿಸಿದ್ದೆ, ಬಹಳ ಹೆದರಿಸಿಬಿಟ್ಟಿದ್ದೆ ಎಂದು. ಚಪ್ಪಾಳೆಯಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಮೆಟ್ಟಿಲಿಳಿದವಳು ತನ್ನ ಜಾಗಕ್ಕೆ ಹೋಗದೆ, ಅಮ್ಮ ಕರೆಯುತ್ತಿದ್ದರೂ ನಿಲ್ಲದೆ, ಸಾಲುಗಳನ್ನು ದಾಟಿ ಕೊನೆಯ ಸಾಲಿಗೆ ಹೋಗಿ ಹೊಂಬಾಳಮ್ಮನ ಪಕ್ಕದಲ್ಲಿ ಕೂತಳು. ಇಡೀ ಹಾಲಿನಲ್ಲಿ ನಗದೆ ಕೂತವಳು ಆ ಮುದುಕಿಯೊಬ್ಬಳೇ. ಅಪ್ಪ ಅತ್ತದ್ದನ್ನು ಸುಮನಾ ಜನ್ಮದಲ್ಲಿ ನೋಡಿರಲಿಲ್ಲ. ಅಜ್ಜಿ ಸತ್ತಾಗಲೂ ಅವನು ಕಣ್ಣು ಒರೆಸಿಕೊಂಡಿರಲಿಲ್ಲ.

"ಅತ್ತೆ," ಎಂದಳು ಮೆಲ್ಲಗೆ. "ಅವತ್ತು ಮಿಲ್ ಹತ್ರ ಅಪ್ಪ ಅತ್ತಿದ್ದು... ನಿಮ್ಮ ಬಾಯಿ ಬಿಡಿಸೋಕೆ ಅತ್ತಿದ್ದು ಅದು. ನಾಟಕ. ಅವರ ಕೆಲಸವೇ ಅದು."

ಹೊಂಬಾಳಮ್ಮ ಅವಳ ಕೈಯನ್ನು ತನ್ನ ತೊಡೆಯ ಮೇಲೆಳೆದುಕೊಂಡಳು.

"ಮೊದ್ಲು ಅತ್ತಿದ್ದು ನಾಟಕ ಇದ್ದೀತು ಕಣವ್ವ, ನಂಗೊತ್ತಿಲ್ಲ," ಎಂದಳು. "ನಾನು ಎಲ್ಲಾ ಹೇಳಿ ಮುಗಿಸಿದ್ಮೇಲೆ ಇನ್ನೊಂದ್ಸಲ ಅತ್ರು. ಅದು ನಾಟಕ ಅಲ್ಲ."